ನೋಂದಣಿಗೆ ಹೋದರೆ ಹಾಸಿಗೆ ಎಷ್ಟು, ಡಾಕ್ಟರ್ ಯಾರು ಅಂತಾರೆ. ಮನೆಗೇ ಹೋಗೋ ನರ್ಸ್ ಏನಂತ ಬರೀಬೇಕು?

ರಾತ್ರಿಪಾಳಿ ಕೇಳಿದ್ದು

ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಐಸಿಯುನಲ್ಲಿ ಪಾಳಿ ಬದಲಾಗುವಾಗ ಹ್ಯಾಂಡ್‌ಓವರ್ ಕೊಟ್ಟು ಕೊಟ್ಟು ಏನನ್ನೂ ಬಿಡದೆ ಹೇಳೋ ಚಾಳಿ ಬಂದುಬಿಟ್ಟಿದೆ.

ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ್ದು 2003ರಲ್ಲಿ. ಬೆಂಗಳೂರಲ್ಲಿ 14 ವರ್ಷ ಐಸಿಯು ಕೆಲಸ. ಮಾವನಿಗೆ ಸ್ಟ್ರೋಕ್ ಆದಮೇಲೆ ಊರಿಗೆ ಬಂದ್ವಿ, ಮಲೆನಾಡಿನ ಒಂದು ತಾಲ್ಲೂಕು ಪೇಟೆಗೆ. ಮಾವ ಮೂರು ವರ್ಷ ಮಲಗಿದಲ್ಲೇ ಇದ್ದರು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ, ಬೆನ್ನಿಗೆ ಒಂದು ಹುಣ್ಣೂ ಆಗದ ಹಾಗೆ ನೋಡ್ಕೊಂಡೆ. ಅವರ ತಿಥಿಗೆ ಬಂದ ನೆಂಟರು ಊಟ ಮಾಡಿ ಹೋಗುವಾಗ ಈ ಸುದ್ದಿಯನ್ನೂ ಹೊತ್ತುಕೊಂಡು ಹೋದರು. ಆಮೇಲೆ ಫೋನ್ ಶುರುವಾಯ್ತು. ಅಜ್ಜಿಗೆ ಮೂಗಿಂದ ಊಟ ಕೊಡೋ ರೈಲ್ಸ್ ಟ್ಯೂಬ್ ಕಿತ್ತು ಬಂದಿದೆ, ಅಪ್ಪನಿಗೆ ಡ್ರೆಸಿಂಗ್ ಆಗಬೇಕು, ಇನ್ಸುಲಿನ್ ಚುಚ್ಚೋದು ಹೇಗಂತ ತೋರಿಸಿಕೊಡಿ. ಈ ಕಡೆ ತೋಟದ ಮನೆಗಳಲ್ಲಿ ಈಗ ಬರೀ ಮುದುಕರು. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ.

ಒಂದು ರಾತ್ರಿಯದ್ದು ಹೇಳ್ತೀನಿ. ಕಳೆದ ಆಷಾಢ, 11 ಗಂಟೆ, ಮಳೆ. ಪೇಟೆಯಿಂದ 19 ಕಿಲೋಮೀಟರ್ ಒಳಗೆ ಒಂದು ಅಡಿಕೆ ತೋಟದ ಮನೆ. ಅಲ್ಲಿನ ಅಜ್ಜನಿಗೆ 81, ಪ್ರಾಸ್ಟೇಟ್ ತೊಂದರೆ, ಮೂತ್ರಕ್ಕೆ ಹಾಕೋ ನಳಿಗೆ, ಕ್ಯಾತಿಟರ್ ಇದೆ. ಮಧ್ಯಾಹ್ನದಿಂದ ಚೀಲಕ್ಕೆ ಒಂದು ತೊಟ್ಟೂ ಇಳಿದಿಲ್ಲ. ಆಂಬುಲೆನ್ಸ್‌ನಲ್ಲಿ ದೊಡ್ಡಾಸ್ಪತ್ರೆಗೆ ಹೋಗೋದಾದ್ರೆ ಎರಡು ಗಂಟೆ ದಾರಿ, ಆ ಹೊಂಡಗಳಲ್ಲಿ. ನಾನೂ ನಮ್ಮ ಯಜಮಾನರೂ ಸ್ಕೂಟಿ ಹತ್ತಿ ಹೋದ್ವಿ. ಕಿಬ್ಬೊಟ್ಟೆ ಮುಟ್ಟಿದರೆ ತೆಂಗಿನಕಾಯಿ ಇಟ್ಟ ಹಾಗೆ ಗಟ್ಟಿ. ಅಜ್ಜ ಮಂಚದ ಕಾಲು ಹಿಡ್ಕೊಂಡು ಉಸಿರು ಬಿಗಿ ಹಿಡಿದಿದ್ದಾರೆ. ಕ್ಯಾತಿಟರ್ ಒಳಗೆ ನಿಲ್ಲೋಕೆ ತುಂಬಿಸಿರೋ ನೀರಿನ ಬಲೂನಿಗೆ ಸಿರಿಂಜ್ ಹಚ್ಚಿ ಎಳೆದರೆ 10 ಎಂಎಲ್ ಬರಬೇಕಾದಲ್ಲಿ 4 ಬಂತು. ಕಾದೆ. ಮತ್ತೆ ಹಚ್ಚಿದೆ, ಉಳಿದದ್ದೂ ಬಂತು. ಕ್ಯಾತಿಟರ್ ಹೊರಗೆ ತೆಗೆದರೆ ತುದಿಗೆ ಮರಳು ಮೆತ್ತಿದ ಹಾಗೆ ಕಲ್ಲು. ಲೇಟೆಕ್ಸಿನದ್ದು, ಹಾಕಿ ಎರಡೂವರೆ ತಿಂಗಳಾಗಿತ್ತಂತೆ. ತಿಂಗಳೊಳಗೆ ಬದಲಿಸಬೇಕು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. 16 ಸೈಜಿನ ಸಿಲಿಕೋನ್ ಹಾಕಿದೆ. 900 ಎಂಎಲ್ ಇಳೀತು. ಅಜ್ಜ ಹತ್ತು ನಿಮಿಷದಲ್ಲಿ ಗೊರಕೆ.

ಹೊರಡುವಾಗ ಅಜ್ಜಿ ಹಳೆ ಕ್ಯಾತಿಟರು, ಗ್ಲೌಸು ಎಲ್ಲಾ ನೋಡಿ, "ಇಲ್ಲಿ ಕೊಡೇ, ಬಚ್ಚಲ ಒಲೆಗೆ ಹಾಕ್ತಿ" ಅಂದರು. ಅದೇ ಒಲೆಯಲ್ಲಿ ಬೆಳಿಗ್ಗೆ ಸ್ನಾನದ ನೀರು ಕಾಯೋದು. ಬೇಡ ಅಂತ ಕವರಿಗೆ ಹಾಕಿ ಗಂಟು ಕಟ್ಟಿ ಸ್ಕೂಟಿಯಲ್ಲಿ ತಂದೆ. ಬೆಳಿಗ್ಗೆ ಎದ್ದರೆ ಅದನ್ನ ಎಲ್ಲಿ ಹಾಕಬೇಕು ಅಂತ ನನಗೇ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಕೆಂಪು ಬಕೆಟ್ಟು ಕಾಲಬುಡದಲ್ಲೇ ಇರ್ತಿತ್ತು. ಇದನ್ನ ನೆಟ್ಟಗೆ, ಲೆಕ್ಕಕ್ಕೆ ಸಿಗೋ ಹಾಗೆ ಮಾಡಬೇಕು ಅನ್ನಿಸಿದ್ದು ಆ ಕವರ್ ಕೈಯಲ್ಲಿ ಹಿಡ್ಕೊಂಡು ಹಿತ್ತಲಲ್ಲಿ ನಿಂತಾಗ.

ಈಗ ನಾವು ಮೂರು ಜನ ಇದ್ದೀವಿ, ಮೂವರೂ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರೋ ನರ್ಸ್‌ಗಳು. ಎರಡು ಸ್ಕೂಟಿ, 25 ಕಿಲೋಮೀಟರ್ ಸುತ್ತಮುತ್ತ. ಕ್ಯಾತಿಟರ್, ರೈಲ್ಸ್ ಟ್ಯೂಬ್, ಡ್ರೆಸಿಂಗ್, ಟ್ರಕಿಯಾಸ್ಟಮಿ (ಉಸಿರಾಡೋಕೆ ಗಂಟಲಿಗೆ ಮಾಡಿದ ರಂಧ್ರ) ನೋಡ್ಕೊಳ್ಳೋದು, ಮನೆಯವರಿಗೆ ಕಲಿಸೋದು. ಔಷಧಿ ಬರೆಯಲ್ಲ, ಮಾರಲ್ಲ.

ಸಂಬಂಧಪಟ್ಟ ಕಚೇರಿಗೆ ಮೂರು ಸಲ ಹೋದೆ. ಯಾವ ಜಿಲ್ಲೆ ಅನ್ನೋದು ಬೇಡ. ಮೊದಲ ಸಲ: "ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ) ಮಾಡಿಸಬೇಕು. ಹಾಸಿಗೆ ಎಷ್ಟು? ಡಾಕ್ಟರ್ ಯಾರು?" ಹಾಸಿಗೆ ರೋಗಿಯ ಮನೇಲಿರುತ್ತೆ ಅಂದಿದ್ದಕ್ಕೆ ನಕ್ಕರು. ಎರಡನೇ ಸಲ: "ಯಾರಾದ್ರೂ ಡಾಕ್ಟರ್ ಹೆಸರಲ್ಲಿ ಹಾಕಿಸ್ಕೊಂಡು ನೀವು ಕೆಲಸ ಮಾಡ್ಕೊಳ್ಳಿ, ಎಲ್ಲರೂ ಮಾಡೋದು ಹಂಗೇ." ಮೂರನೇ ಸಲ ಬೇರೆಯವರಿದ್ದರು: "ಇದಕ್ಕೆ ಏನೂ ಬೇಡಮ್ಮ, ಸುಮ್ನೆ ಮಾಡ್ಕೊಂಡು ಹೋಗಿ." ಮೂರೂ ಬಾಯಿಮಾತು. ಪಟ್ಟಣ ಪಂಚಾಯ್ತಿಗೆ ಹೋದರೆ ಆರೋಗ್ಯ ಇಲಾಖೆ ಕಾಗದ ತನ್ನಿ ಅಂತಾರೆ.

ಕಾನೂನು ತೆಗೆದು ಓದಿದೆ. ಅದರಲ್ಲಿ ಫಿಸಿಯೋಥೆರಪಿ ಸೆಂಟರ್ ಅಂತ ಹೆಸರು ಹಿಡಿದು ಬರೆದಿದ್ದಾರೆ, ಲ್ಯಾಬ್ ಇದೆ, ಸ್ಕ್ಯಾನಿಂಗ್ ಇದೆ. ನರ್ಸಿಂಗ್ ಹೋಮ್ ಇದೆ, ನರ್ಸ್ ಇಲ್ಲ! ನನ್ನ ಕೌನ್ಸಿಲ್ ಸರ್ಟಿಫಿಕೇಟು ನಾನು ನರ್ಸ್ ಅಂತ ಹೇಳುತ್ತೆ. ಎಲ್ಲಿ ನಿಂತು ನರ್ಸ್ ಆಗಬಹುದು ಅಂತ ಹೇಳೋರು ಯಾರು? ಡಾಕ್ಟರ್ ಹೆಸರಿನ ಹಿಂದೆ ಅಡಗಿಕೊಂಡು ಮಾಡೋಕೆ ನನಗೆ ಇಷ್ಟ ಇಲ್ಲ. ನನ್ನ ನಂಬರಿನಲ್ಲೇ, ಕೌನ್ಸಿಲ್ ಕೊಟ್ಟ ನೋಂದಣಿ ನಂಬರಿನಲ್ಲೇ ಮಾಡಬೇಕು. ಮಾಡಿದವರಿದ್ದರೆ ಹೇಳಿ.

---

ಹಳೇಫೈಲು

ತಂಗಿ, ನಾ ಆರೋಗ್ಯ ಇಲಾಖ್ಯಾಗ 31 ವರ್ಷ ಕಾರಕೂನಕಿ ಮಾಡಿ ಮನೀಗೆ ಬಂದಾಂವ. ನಿಮಗ ಮೂರು ಮಂದಿ ಮೂರು ಉತ್ತರ ಕೊಟ್ರು ಅಂತ ಸಿಟ್ಟಾಗಬ್ಯಾಡ್ರಿ. ಮೂರೂ ತಪ್ಪಲ್ಲ, ಅದ ಮಜಾ.

ಕೆಪಿಎಂಇ ಕಾಯ್ದೆ 2007ರದ್ದು, ನಿಯಮ 2009ರದ್ದು. 2017ರಾಗ ತಿದ್ದುಪಡಿ ತರಾಕ ಹೋದಾಗ ಖಾಸಗಿ ಡಾಕ್ಟರ್ ಮಂದಿ ದವಾಖಾನಿ ಮುಚ್ಚಿ ಬೆಳಗಾವಿ ಅಧಿವೇಶನಕ್ಕ ಬಂದು ಕುಂತಿದ್ರಲ್ಲ, ಅದ ಕಾಯ್ದೆ. ಅದನ್ನ ಬರದವರ ಕಣ್ಣ ಮುಂದ ಇದ್ದದ್ದು ಒಂದು ಕಟ್ಟಡ, ಒಂದು ಬೋರ್ಡು, ಒಬ್ಬ ಡಾಕ್ಟರ್. ನಿಮ್ಮ ಸ್ಕೂಟಿ ಇರಲಿಲ್ಲ. ಆದ್ರ ಆ ಪಟ್ಟಿ ಮುಗಿಯೂಮುಂದ ಒಂದು ಬಾಲ ಐತಿ ನೋಡ್ರಿ: ಯಾವ ಹೆಸರಿನಿಂದ ಕರೆದರೂ, ರೋಗ ತಡಿಯೂ, ವಾಸಿ ಮಾಡೂ, ಪುನಶ್ಚೇತನ ಕೊಡೂ ಚಿಕಿತ್ಸಾ ಸೌಲಭ್ಯ ಇರೂ ಇತರೆ ಸಂಸ್ಥೆ ಅಂತ. ಹಿಡೀಬೇಕು ಅಂದಾಂವ ಆ ಬಾಲ ಹಿಡದು ನಿಮ್ಮನ್ನ ಎಳೀತಾನ, ಬಿಡಬೇಕು ಅಂದಾಂವ ಪಟ್ಟಿ ತೋರಿಸಿ ಬಿಡ್ತಾನ. ಹಂಗಾಗಿ ಬಾಯಿಮಾತಿಗೆ ಕಿಮ್ಮತ್ತಿಲ್ಲ.

ಒಂದು ಅರ್ಜಿ ಬರೀರಿ. ನೋಂದಣಿ ಪ್ರಾಧಿಕಾರಕ್ಕ ಡಿಸಿ ಸಾಹೇಬ್ರು ಅಧ್ಯಕ್ಷರು, ಡಿಎಚ್‌ಒ (ಜಿಲ್ಲಾ ಆರೋಗ್ಯ ಅಧಿಕಾರಿ) ಸದಸ್ಯ ಕಾರ್ಯದರ್ಶಿ. ಡಿಎಚ್‌ಒ ಅವರಿಗೆ ಬರದು ಡಿಸಿಗೆ ಪ್ರತಿ ಹಾಕ್ರಿ. ಏನು ಮಾಡ್ತೀರಿ, ಅದಕ್ಕಿಂತ ಮುಖ್ಯ ಏನು ಮಾಡಂಗಿಲ್ಲ, ಎರಡೂ ಬರೀರಿ. ನಿಮ್ಮ ಪ್ರತಿ ಮ್ಯಾಲೆ ಇನ್‌ವರ್ಡ್ ನಂಬರು (ಕಾಗದ ಮುಟ್ಟಿದ್ದಕ್ಕ ಕೊಡೂ ನಂಬರು), ಸೀಲು ಹಾಕಿಸದ ಅಲ್ಲಿಂದ ಏಳಬ್ಯಾಡ್ರಿ. ಚಹಾಕ್ಕ ಹೋಗ್ಯಾರ ಅಂದ್ರ ನೀವೂ ಚಹಾ ಕುಡದು ಬರ್ರಿ.

ಅದಕ್ಕ ಉತ್ತರ ಬರದಿದ್ರ ಮಾಹಿತಿ ಹಕ್ಕಿನಾಗ ಕೇಳ್ರಿ. 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಾಗ ಅರ್ಜಿ 150 ಶಬ್ದ ಮೀರಬಾರದು, ವಿಷಯ ಒಂದ ಇರಬೇಕು, ಲಕ್ಷ್ಯ ಇರಲಿ. ನೀವು ಇಲ್ಲಿ ಬರದಂಗ ಅಲ್ಲಿ ಬರದ್ರ ವಾಪಸ್ ಬರತೈತಿ. "ಯಾಕೆ ಕೊಡುತ್ತಿಲ್ಲ" ಅಂತ ಕೇಳಬ್ಯಾಡ್ರಿ, ಯಾಕೆ ಅನ್ನೂದು ಮಾಹಿತಿ ಅಲ್ಲ. "ನರ್ಸ್‌ಗಳು ಮನೆಗೆ ಹೋಗಿ ಕೊಡುವ ಸೇವೆಯ ನೋಂದಣಿ ಬಗ್ಗೆ ಇರುವ ಸುತ್ತೋಲೆಗಳ ಪ್ರತಿ ಕೊಡಿ" ಅಂತ ಕೇಳ್ರಿ. 30 ದಿನದಾಗ ಒಂದು ಕಾಗದ ಬರತೈತಿ. ಐತಿ ಅಂದ್ರೂ ನಿಮಗ ಲಾಭ, ಇಲ್ಲ ಅಂದ್ರೂ ಲಾಭ.

ಇನ್ನೊಂದು. ಮನ್ಯಾಗ ಡ್ರಿಪ್ ಸ್ಟ್ಯಾಂಡು, ಮಂಚ ಇಟಗೋಬ್ಯಾಡ್ರಿ. ನಕಲಿ ಡಾಕ್ಟರ್ ಹಿಡಿಯಾಕ ಬಂದ ತಂಡಕ್ಕ ಮದಲ ಕಾಣೂದು ಅದ. ಬೋರ್ಡ್ ಬರಸಿದ್ರ ಕೆಂಪು ಪ್ಲಸ್ ಹಾಕಸಬ್ಯಾಡ್ರಿ. ಅದು ರೆಡ್ ಕ್ರಾಸ್ ಗುರುತು, 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದ ಬಳಸೂದು ಅಪರಾಧ. ಊರ ತುಂಬ ಮೆಡಿಕಲ್ ಶಾಪಿನವರು ಹಾಕ್ಯಾರ, ಅದು ಬ್ಯಾರೆ ಮಾತು.

---

ಕಡಲಕರೆ

ರಾತ್ರಿಪಾಳಿ, ನಾನು ನಿಮ್ಮ ಹಾಗೆಯೇ ಶುರು ಮಾಡಿ ನಾಲ್ಕು ವರ್ಷದಲ್ಲಿ ಮುಚ್ಚಿದವಳು. ಮಂಗಳೂರು ಕಡೆ. ಹೆದರಿಸಲಿಕ್ಕೆ ಬರೆಯುವುದಲ್ಲ ಮಾರಾಯ್ತಿ, ನಾನು ಬಿದ್ದ ಗುಂಡಿ ಎಲ್ಲಿ ಉಂಟು ಅಂತ ತೋರಿಸುವುದು.

ಮೊದಲನೆಯದು ಹೆಸರು. ನಮ್ಮಲ್ಲಿ "ಹೋಮ್ ನರ್ಸ್" ಅಂದ್ರೆ ಗಂಜಿ ಬೇಯಿಸಿ ಕೊಟ್ಟು, ಪ್ಯಾಡ್ ಬದಲಿಸಿ, ರಾತ್ರಿ ಚಾಪೆ ಹಾಕಿ ಮಲಗುವ ಹೆಂಗಸು. ಪಾಪ, ಅವರ ಕೆಲಸ ಸಣ್ಣದಲ್ಲ, ಆದರೆ ಅವರು ನರ್ಸ್ ಅಲ್ಲ. ನಾನು ಫೋನಿನಲ್ಲಿ ಬಿಎಸ್ಸಿ ನರ್ಸಿಂಗ್ ಅಂದ್ರೆ ಆಚೆಯಿಂದ "ಅಡಿಗೆ ಮಾಡ್ತೀರಲ್ವಾ?" ಅಂತ ಕೇಳುವುದು. ಹಣಕ್ಕೆ ಕಷ್ಟ ಆದಾಗ ನಾನೂ ಅಂಥವರನ್ನು ಕಳಿಸಲಿಕ್ಕೆ ಶುರು ಮಾಡಿದೆ. ಅಲ್ಲಿಗೆ ನಾನು ನರ್ಸ್ ಹೋಗಿ ಏಜೆನ್ಸಿ ಆದೆ. ದಿನವಿಡೀ ಜಗಳ ಬಿಡಿಸುವ ಕೆಲಸ: ಇವಳು ಮೊಬೈಲ್ ನೋಡ್ತಾಳೆ, ಅವರು ಊಟ ಕೊಡುವುದಿಲ್ಲ.

ಎರಡನೆಯದು ಆಂಟಿಬಯೋಟಿಕ್. ಒಬ್ಬರು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದವರು, ಮನೆಯಲ್ಲಿ ಜ್ವರ ಪುನಃ ಬಂತು. ಡಾಕ್ಟರ್ ಫೋನಿನಲ್ಲಿ ಬೇರೆ ಇಂಜೆಕ್ಷನ್ ಹೇಳಿದರು, ಮನೆಯವರು ತಂದಿಟ್ಟಿದ್ದರು, ನಾನು ಐವಿ ಕೊಟ್ಟೆ. ಮೊದಲ ಡೋಸ್. ಐದು ನಿಮಿಷ ಆಗಿರಲಿಕ್ಕಿಲ್ಲ, ಕುತ್ತಿಗೆಯಲ್ಲಿ ಗಂಧೆ ಎದ್ದಿತು, ಅವರು ನನ್ನ ಕೈ ಹಿಡಿದು "ಸಿಸ್ಟರ್, ಗಂಟಲು" ಅಂದರು. ಮತ್ತೆ ಮಾತು ಇಲ್ಲ. ಚೀಲದಲ್ಲಿ ಅಡ್ರಿನಲಿನ್ ಇತ್ತು. ಅರ್ಧ ಎಂಎಲ್ ತೊಡೆಗೆ ಹೊಡೆದೆ. ಆಂಬುಲೆನ್ಸ್ ಬರುವ ಹೊತ್ತಿಗೆ ಉಸಿರು ತಿರುಗಿತ್ತು, ಬದುಕಿದರು. ಎರಡು ದಿನ ಆದ ಮೇಲೆ ಮಗ ಬಂದು "ನಿಮಗೆ ಹೇಳಿದ್ದು ಯಾರು" ಅಂತ ಕೇಳಿದ. ಡಾಕ್ಟರಲ್ಲಿ ಕೇಳಿದರೆ "ನಾನು ಹಾಗೆ ಹೇಳಲೇ ಇಲ್ಲ." ನನ್ನ ಹತ್ತಿರ ಏನುಂಟು? ಕಾಲ್ ಲಿಸ್ಟಿನಲ್ಲಿ 1 ನಿಮಿಷ 40 ಸೆಕೆಂಡು ಅಂತ ಉಂಟು, ಅಷ್ಟೆ.

ಮೊದಲ ಡೋಸ್ ಮನೆಯಲ್ಲಿ ಕೊಡಬೇಡಿ. ಯಾರು ಹೇಳಿದರೂ. ಬಾಯಿಮಾತಿನ ಆರ್ಡರ್ ತೆಗೊಳ್ಳಬೇಡಿ.

---

ಲೆಕ್ಕದಪುಸ್ತಕ

ತೆರಿಗೆ ಲೆಕ್ಕ ಬರೆಯೋನು ನಾನು, ಚುಟುಕಾಗಿ ಹೇಳ್ತೀನಿ. ಮೂರು ಜನ ಅಂದ್ರೆ ಪಾಲುದಾರಿಕೆ ಪತ್ರ ಮಾಡಿಸಿ, ಸ್ನೇಹ ಇರುವಾಗಲೇ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಪುಕ್ಕಟೆ, ಅದಕ್ಕೆ ಎರಡು ಸಾವಿರ ಕೇಳೋ ಸೈಬರ್‌ನಿಂದ ಎದ್ದು ಬನ್ನಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟೋವರೆಗೂ ಜಿಎಸ್‌ಟಿ ನೋಂದಣಿ ಚಿಂತೆ ಇಲ್ಲ. ದಾಟಿದ ಮೇಲೆ ಶುಶ್ರೂಷೆಯ ಬಿಲ್ಲನ್ನೂ ಆಳು ಕಳಿಸೋ ಬಿಲ್ಲನ್ನೂ ಒಂದೇ ಪುಸ್ತಕದಲ್ಲಿ ಬರೀಬೇಡಿ. ಆರೋಗ್ಯ ಸೇವೆಗೆ ವಿನಾಯಿತಿ ಇದೆ, ಆಳು ಪೂರೈಕೆಗೆ ಅದೇ ವಿನಾಯಿತಿ ಸಿಗುತ್ತೆ ಅಂತ ನಂಬಿಕೊಂಡು ಕೂರಬೇಡಿ. ಕಡಲಕರೆಯವರು ಹೇಳಿದ ಕಾರಣಕ್ಕಲ್ಲದಿದ್ದರೂ ಈ ಕಾರಣಕ್ಕಾದ್ರೂ ಎರಡನ್ನ ಬೆರೆಸಬೇಡಿ. ಸ್ಕೂಟಿ, ಕಫ ಎಳೆಯೋ ಸಕ್ಷನ್ ಯಂತ್ರಕ್ಕೆ ಸಾಲ ಬೇಕಾದ್ರೆ ಮುದ್ರಾ ಸಾಲ ಯೋಜನೆಯಲ್ಲಿ ಕಿಶೋರ್ ವರ್ಗ ಕೇಳಿ, 50 ಸಾವಿರದಿಂದ 5 ಲಕ್ಷ.

---

ಪಿಎಚ್‌ಸಿಡಾಕ್ಟ್ರು

ಎಲ್ಲರೂ ಬೆನ್ನು ತಟ್ಟುತ್ತಿದ್ದೀರಿ, ಒಬ್ಬರಾದರೂ ತಡೆಯಬೇಕಲ್ಲ. ಮೇಡಂ, ಆ ರಾತ್ರಿ ನೀವು ಮಾಡಿದ ಕೆಲಸ ಚೆನ್ನಾಗಿ ಆಯಿತು, ಸಂತೋಷ. 900 ಎಂಎಲ್ ಇಳಿದ ಮೇಲೆ ರಕ್ತ ಬರಲು ಶುರುವಾಗಿದ್ದರೆ? ಹೊಸ ಕ್ಯಾತಿಟರ್ ಒಳಗೆ ಹೋಗದೆ ದಾರಿ ಹರಿದಿದ್ದರೆ? ಆಗ ನೀವು ಅಲ್ಲಿ ಯಾರ ಪರವಾಗಿ ನಿಂತಿದ್ದೀರಿ ಎಂಬ ಪ್ರಶ್ನೆ ಬರುತ್ತದೆ. 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಒಳಗೆ ಬಂದಿದೆ. 400 ರೂಪಾಯಿ ತೆಗೆದುಕೊಂಡರೂ ಅಷ್ಟೇ.

"ನನ್ನ ನಂಬರಿನಲ್ಲೇ" ಎನ್ನುವ ನಿಮ್ಮ ಹಟ ನನಗೆ ಅರ್ಥವಾಗುತ್ತದೆ, ಆದರೆ ಈ ದೇಶದಲ್ಲಿ ನರ್ಸ್‌ಗೆ ಸ್ವತಂತ್ರವಾಗಿ ಔಷಧಿ ಬರೆಯುವ ಅಧಿಕಾರ ಇಲ್ಲ. ಕ್ಯಾತಿಟರ್ ಹಾಕಬೇಕು ಎನ್ನುವುದೂ ಒಂದು ವೈದ್ಯಕೀಯ ತೀರ್ಮಾನವೇ.

---

ರಾತ್ರಿಪಾಳಿ

ಡಾಕ್ಟ್ರೇ, ಔಷಧಿ ಬರೆಯಲ್ಲ ಅಂತ ಮೊದಲೇ ಹೇಳಿದ್ದೀನಿ. ಕ್ಯಾತಿಟರ್ ಬೇಕು ಅಂತ ತೀರ್ಮಾನ ಮಾಡಿದ್ದು ಡಾಕ್ಟರೇ. ಅದನ್ನ ಯಾವಾಗ ಬದಲಿಸಬೇಕು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯೋದು ಮರೆತದ್ದೂ ಅವರೇ. ಆ ರಾತ್ರಿ ಮೊದಲ ಪ್ರಯತ್ನದಲ್ಲಿ ಹೋಗದಿದ್ದರೆ ನಾನು ಒತ್ತುತ್ತಿರಲಿಲ್ಲ. ಜೀಪಿಗೆ ಹೇಳಿಯೇ ಹೊರಟಿದ್ದೆ, ಡ್ರೈವರ್ ಅಂಗಳದಲ್ಲಿ ಬೀಡಿ ಸೇದ್ತಾ ಕೂತಿದ್ದ. ಅದನ್ನ ಮೊದಲ ಪತ್ರದಲ್ಲಿ ಬರೀಲಿಲ್ಲ, ತಪ್ಪು ನಂದು.

ಆದ್ರೆ "ಯಾರ ಪರವಾಗಿ ನಿಂತಿದ್ದೀರಿ" ಅನ್ನೋದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಒಪ್ಪಿಕೊಳ್ತೀನಿ. ಆ ಉತ್ತರಕ್ಕೇ ಕಚೇರಿ ಅಲೀತಿರೋದು.

ಕಡಲಕರೆ ಅಕ್ಕ, ನಿಮ್ಮ ಪತ್ರ ಎರಡು ಸಲ ಓದಿದೆ. ಚೀಲಕ್ಕೆ ಇವತ್ತೇ ಅಡ್ರಿನಲಿನ್ ಸೇರಿಸಿದೆ.

---

ಪಿಎಚ್‌ಸಿಡಾಕ್ಟ್ರು

ಜೀಪ್ ನಿಲ್ಲಿಸಿಕೊಂಡಿದ್ದಿರಿ ಎಂದಾದರೆ ನನ್ನ ಅರ್ಧ ಆಕ್ಷೇಪ ಹೋಯಿತು. ಮಿಕ್ಕ ಅರ್ಧಕ್ಕೆ ಒಂದು ದಾರಿ ಹೇಳುತ್ತೇನೆ.

2020ರ ಮಾರ್ಚ್ 25ರಂದು ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು, ಲಾಕ್‌ಡೌನ್ ಶುರುವಾದ ದಿನ, ಹಾಗಾಗಿ ಯಾರೂ ಪೂರ್ತಿ ಓದಲಿಲ್ಲ. ರೋಗಿಯ ಹತ್ತಿರ ಇರುವ ಆರೋಗ್ಯ ಕಾರ್ಯಕರ್ತೆ, ನರ್ಸ್ ಸೇರಿ, ವೈದ್ಯರನ್ನು ಸಂಪರ್ಕಿಸಿ ಸಮಾಲೋಚನೆ ನಡೆಸುವುದಕ್ಕೆ ಅದರಲ್ಲಿ ಪ್ರತ್ಯೇಕ ಭಾಗವೇ ಇದೆ. ವೈದ್ಯರು ನೋಂದಣಿ ಸಂಖ್ಯೆ ಸಹಿತ ಚೀಟಿ ಕಳಿಸಬೇಕು, ದಾಖಲೆ ಇಡಬೇಕು. ಕಡಲಕರೆ ಸಿಸ್ಟರ್ ಕೈಯಲ್ಲಿ ಆ ದಿನ ಇರಬೇಕಾಗಿದ್ದದ್ದು ಅದು. ನೆನಪಿರಲಿ, ಮಾರ್ಫಿನ್ ಥರದ್ದನ್ನು ಟೆಲಿಮೆಡಿಸಿನ್‌ನಲ್ಲಿ ಬರೆಯುವಂತಿಲ್ಲ. ಕ್ಯಾನ್ಸರ್ ಮನೆಗಳಿಂದ ಕರೆ ಬಂದಾಗ ನಿಮ್ಮನ್ನು ಮೊದಲು ಕೇಳುವುದೇ ಅದನ್ನು. ಚೀಲದಲ್ಲಿ ಇಟ್ಟುಕೊಂಡು ಓಡಾಡುವುದಂತೂ ದೂರದ ಮಾತು, ಅದಕ್ಕೆ ಮಾನ್ಯತೆ ಪಡೆದ ಸಂಸ್ಥೆಯೇ ಬೇಕು.

ನಿಮ್ಮ ಪೇಟೆಯಲ್ಲಿ ಕೆಪಿಎಂಇ ಇರುವ ಸಣ್ಣ ಕ್ಲಿನಿಕ್ಕಿನ ವೈದ್ಯರ ಜೊತೆ ಲಿಖಿತ ಸ್ಟ್ಯಾಂಡಿಂಗ್ ಆರ್ಡರ್ ಮಾಡಿಕೊಳ್ಳಿ. ಇಂಥ ರೋಗಿಗೆ ಇಂಥ ಅಂತರದಲ್ಲಿ ಕ್ಯಾತಿಟರ್, ಒಮ್ಮೆ ಹೋಗದಿದ್ದರೆ ನಿಲ್ಲಿಸು, ರಕ್ತ ಕಂಡರೆ ಕಳಿಸು. ಎರಡು ಪುಟ ಸಾಕು. ಕೆಳಗೆ ಅವರ ಸಹಿ, ಪಕ್ಕದಲ್ಲಿ ನಿಮ್ಮ ಸಹಿ, ನಿಮ್ಮ ಕೌನ್ಸಿಲ್ ನಂಬರ್. ಇದು ಅಡಗಿಕೊಳ್ಳುವುದಲ್ಲ. ನರ್ಸ್‌ಗಳಿಗೂ ವೃತ್ತಿ ಹೊಣೆಗಾರಿಕೆ ವಿಮೆ ಸಿಗುತ್ತದೆ, ಮೂವರೂ ಮಾಡಿಸಿ.

ಕಸದ್ದು ಇದರಲ್ಲೇ ಬಗೆಹರಿಯುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಮಾಲಿನ್ಯ ಮಂಡಳಿ ಒಮ್ಮೆ ಅನುಮತಿ ಕೊಟ್ಟರೆ ಮುಗಿಯಿತು. ಅವರ ಹತ್ತಿರ ಸಾಮಾನ್ಯ ಸಂಸ್ಕರಣಾ ಘಟಕದ ಗಾಡಿ ಬರುತ್ತದೆ. ಡ್ರೆಸಿಂಗ್ ಹಳದಿಗೆ, ಕ್ಯಾತಿಟರ್ ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ನಿಮಗೆ ಹೇಳಬೇಕಾಗಿಲ್ಲ. 48 ಗಂಟೆ ಮೀರಿ ಹಳದಿ ಚೀಲ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

---

ಥೇಮ್ಸ್‌ದಂಡೆ

ಹಾಸನದವಳು, ಇಂಗ್ಲೆಂಡಿನಲ್ಲಿ ಕಮ್ಯುನಿಟಿ ನರ್ಸ್. ಇಲ್ಲಿ ಇದೇ ಕೆಲಸದ ಕಂಪನಿ ಶುರು ಮಾಡೋಕೆ ಮೊದಲು ಆರೋಗ್ಯ ಸೇವೆಗಳ ಮೇಲೆ ಕಣ್ಣಿಡೋ ಸಿಕ್ಯುಸಿ ಅನ್ನೋ ಸಂಸ್ಥೆಯಲ್ಲಿ ನೋಂದಣಿ ಆಗಬೇಕು. ಆಗದೆ ಮಾಡಿದ್ರೆ ಅಪರಾಧ. ಫಾರಂ ಪುಟಗಟ್ಟಲೆ, ಕಾಯೋದು ತಿಂಗಳುಗಟ್ಟಲೆ, ನನ್ನ ಗೆಳತಿ ಅತ್ತಿದ್ದನ್ನ ನೋಡಿದ್ದೀನಿ. ಆದ್ರೆ "ನಿಮ್ಮಂಥವರು ಇಲ್ಲವೇ ಇಲ್ಲ" ಅಂತ ಯಾರೂ ಅನ್ನಲಿಲ್ಲ, ವ್ಯತ್ಯಾಸ ಅಷ್ಟೇ. ನೆದರ್ಲೆಂಡ್ಸ್‌ನ ಬ್ಯುರ್ಟ್‌ಜೋರ್ಗ್ ಅನ್ನೋ, ಮನೆಗೆ ಹೋಗೋ ನರ್ಸ್‌ಗಳ ಸಂಸ್ಥೆ ಬಗ್ಗೆ ಓದಿ. 2006ರಲ್ಲಿ ಯೋಸ್ ದ ಬ್ಲಾಕ್ ಅನ್ನೋ ನರ್ಸ್ ಒಂದು ಸಣ್ಣ ತಂಡದಿಂದ ಶುರು ಮಾಡಿದ್ದು. ತಂಡಕ್ಕೆ ಹೆಚ್ಚೆಂದರೆ 12 ಜನ, ಮೇಲೆ ಮ್ಯಾನೇಜರ್ ಇಲ್ಲ. ನಿಮ್ಮ ಮೂರು ಜನ, ಎರಡು ಸ್ಕೂಟಿ ಓದಿದಾಗ ಅದೇ ನೆನಪಾಯ್ತು.

---

ರಾತ್ರಿಪಾಳಿ (ಐದು ವಾರದ ಮೇಲೆ)

ಕೇಳ್ತಿದ್ದೋರಿಗೆ ಸುದ್ದಿ ಹೇಳಿಬಿಡ್ತೀನಿ.

ಅರ್ಜಿ ಕೊಟ್ಟೆ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಎದ್ದೆ. ಹಳೇಫೈಲು ಅಣ್ಣ, ನಿಜವಾಗ್ಲೂ ಚಹಾಕ್ಕೆ ಹೋಗಿದ್ರು. ಉತ್ತರಕ್ಕೆ ಕಾಯದೆ ಆ ವಾರವೇ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆ, 138 ಶಬ್ದ, ಎರಡು ಸಲ ಎಣಿಸಿ. 29ನೇ ದಿನ ರಿಜಿಸ್ಟರ್ಡ್ ಪೋಸ್ಟ್ ಬಂತು. ಒಂದೇ ವಾಕ್ಯ: "ತಾವು ಕೋರಿರುವ ಸುತ್ತೋಲೆಗಳು ಈ ಕಚೇರಿಯ ದಾಖಲೆಗಳಲ್ಲಿ ಲಭ್ಯವಿರುವುದಿಲ್ಲ." ಯಜಮಾನರು ಇದೇನು ಉತ್ತರ ಅಂದರು. ನಾನು ಮಾತ್ರ ಪ್ಲಾಸ್ಟಿಕ್ ಹಾಳೆಗೆ ಹಾಕಿ ಕೌನ್ಸಿಲ್ ಸರ್ಟಿಫಿಕೇಟಿನ ಹಿಂದೆ ಇಟ್ಟಿದ್ದೀನಿ. ಯಾರಾದ್ರೂ ಬಂದು ಯಾವ ಸುತ್ತೋಲೆ ಪ್ರಕಾರ ಅಂತ ಕೇಳಿದ್ರೆ ತೋರಿಸೋಕೆ ಒಂದು ಕಾಗದ ಆಯ್ತು. ಮೊದಲ ಅರ್ಜಿಗೆ ಇನ್ನೂ ಏನೂ ಬಂದಿಲ್ಲ. ಬಿಡಲ್ಲ.

ಇಲ್ಲಿನ ಒಬ್ಬರು ಹಿರಿಯ ಡಾಕ್ಟರ್ ಸ್ಟ್ಯಾಂಡಿಂಗ್ ಆರ್ಡರ್‌ಗೆ ಒಪ್ಪಿದರು. ಎರಡು ಪುಟ ಅಂದಿದ್ದು ಐದಾಯ್ತು, ಹ್ಯಾಂಡ್‌ಓವರ್ ಚಾಳಿ. ರಕ್ತ ಕಂಡರೆ ಅನ್ನೋ ಜಾಗದಲ್ಲಿ ಎಷ್ಟು ರಕ್ತ ಅಂತ ಬರೀಬೇಕು ಅಂದೆ, ಅರ್ಧ ಗಂಟೆ ಅದರ ಮೇಲೇ ವಾದ. ಕೊನೆಗೆ "ನೀನೇ ಬರಿ, ನೋಡಿದ್ದು ನೀನು ಜಾಸ್ತಿ" ಅಂದರು. ಸಹಿ ಮಾಡುವಾಗ ನನ್ನ ನಂಬರನ್ನ ಅವರ ನಂಬರಿನ ಕೆಳಗೆ ಬರೆಯಲಾ ಅಂತ ಕೇಳಿದ್ದಕ್ಕೆ ಪಕ್ಕದಲ್ಲಿ ಬರಿ ಅಂದರು.

ಮೂವರಿಗೂ ವಿಮೆ ಆಯ್ತು. ಪಾಲುದಾರಿಕೆ ಪತ್ರಕ್ಕೆ ಇನ್ನೂ ಹೆಸರು ಹೊಳೆದಿಲ್ಲ. "ಹೋಮ್ ನರ್ಸ್" ಅನ್ನೋ ಪದ ಮಾತ್ರ ಹತ್ತಿರಕ್ಕೂ ಬಿಟ್ಟುಕೊಳ್ಳಲ್ಲ.

ಸ್ಕೂಟಿ ಡಿಕ್ಕಿಯಲ್ಲಿ ಈಗ ಬಿಳಿ ಡಬ್ಬಿ, ಕೆಂಪು ಚೀಲ, ಹಳದಿ ಚೀಲ. ಕಸದ ಗಾಡಿ ದಿನ ಬಿಟ್ಟು ದಿನ ಬರುತ್ತೆ. ಮೊನ್ನೆ ತೋಟದ ಮನೆ ಅಜ್ಜನಿಗೆ ಕ್ಯಾತಿಟರ್ ಬದಲಿಸೋ ದಿನ, ಹಗಲಲ್ಲೇ ಹೋಗಿದ್ದೆ. ಹಳೇದನ್ನ ಕೆಂಪು ಚೀಲಕ್ಕೆ ಹಾಕಿ ಗಂಟು ಕಟ್ಟುತ್ತಿದ್ದರೆ ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. "ಅದನ್ನೂ ಹೊತ್ಕಂಡು ಹೋಗ್ತೀಯಲೇ, ಅದಕ್ಕೂ ದುಡ್ಡು ಕೊಡ್ತಾರಾ?" ಅಂತ ಕೇಳಿದರು. ಇಲ್ಲ ಅಜ್ಜಿ, ನಾವೇ ಕೊಡೋದು ಅಂದೆ. ನಂಬಲಿಲ್ಲ.